ಆವಿಗೆ ಎದ್ದ ಬಣ್ಣ

ನಮ್ಮ ಬೀದಿಯ ಬಣ್ಣದ ಮೇಸ್ತ್ರಿ ಯಾವುದನ್ನಾದರೂ ನೇರವಾಗಿ ನೋಡಿದ್ದನ್ನು ಕಂಡವರಿಲ್ಲ. ಕಾರಾಗಲಿ, ಗೋಡೆಯಾಗಲಿ, ಎದುರು ನಿಂತು ಮಾತಾಡುವ ಮನುಷ್ಯನಾಗಲಿ, ಕತ್ತನ್ನು ಬಲಕ್ಕೆ ವಾಲಿಸಿ, ಮೊಣಕಾಲನ್ನು ತುಸು ಮಡಚಿ, ಎಡಗಣ್ಣನ್ನು ಅರ್ಧ ಮುಚ್ಚಿ, ಬೆಳಕು ಯಾವ ಮಗ್ಗುಲಿಂದ ಜಾರಿಹೋಗುತ್ತದೋ ಆ ಮಗ್ಗುಲಿಂದಲೇ ಅವರು ನೋಡಬೇಕು. ಬಣ್ಣದ ದೋಷ ನೇರದೃಷ್ಟಿಗೆ ದಕ್ಕುವುದಿಲ್ಲ, ಓರೆಬೆಳಕಿನಲ್ಲಿ ಮಾತ್ರ ಅದು ಮುಖ ತೋರಿಸುತ್ತದೆ ಎಂಬುದು ಅವರು ನಲವತ್ತು ವರ್ಷ ಕಾರುಗಳಿಗೆ ಬಣ್ಣ ಹೊಡೆದು ಕಂಡುಕೊಂಡ ಸತ್ಯ. ಆ ಸತ್ಯ ಕಣ್ಣಿನಿಂದ ಕತ್ತಿಗೆ, ಕತ್ತಿನಿಂದ ಇಡೀ ಮೈಗೆ ಇಳಿದು ಕೊನೆಗೆ ಸ್ವಭಾವವೇ ಆಗಿಹೋಗಿತ್ತು. ಗುರುತಿನ ಚೀಟಿಗೆ ಫೋಟೋ ತೆಗೆಯುವಾಗ ಸ್ಟುಡಿಯೋದವನು ಅವರ ಗದ್ದ ಹಿಡಿದು ನೆಟ್ಟಗೆ ಕೂರಿಸಿದನಂತೆ. ಫೋಟೋ ಕೈಗೆ ಬಂದಾಗ ಮಗಳು, "ಇದ್ಯಾರಪ್ಪಾ?" ಎಂದು ಕೇಳಿದಳಂತೆ.

ರಸ್ತೆ ಬದಿಯಲ್ಲಿ ನಿಲ್ಲಿಸಿದ ಪರರ ಕಾರುಗಳನ್ನೂ ಅವರು ಬಿಡುತ್ತಿರಲಿಲ್ಲ. ಅಂಚೆ ಕಚೇರಿಯ ಮುಂದೆ ಒಮ್ಮೆ ಒಂದು ಬಿಳಿ ಕಾರಿನ ಮಗ್ಗುಲಲ್ಲಿ ಹೀಗೆಯೇ ಬಾಗಿ, ಉಸಿರು ಹಿಡಿದು ನಿಂತಿದ್ದಾಗ ಒಳಗೆ ಕೂತಿದ್ದ ಹೆಂಗಸು ಗಾಜು ಇಳಿಸಿ, "ಏನ್ರೀ ಅದು ನೋಡ್ತಿರೋದು?" ಎಂದು ಗದರಿಕೊಂಡರು. ಮೇಸ್ತ್ರಿ ವಿಚಲಿತರಾಗಲಿಲ್ಲ. "ನಿಮ್ಮನ್ನಲ್ಲಮ್ಮ, ನಿಮ್ಮ ಹಿಂದಿನ ಡೋರನ್ನ. ಮುಂದಿನದಕ್ಕಿಂತ ಇದರಲ್ಲಿ ಒಂದು ಹನಿ ಹಳದಿ ಜಾಸ್ತಿ ಇದೆ," ಎಂದು ಹೇಳಿ, ಲೋಕೋಪಕಾರ ಮಾಡಿದ ನೆಮ್ಮದಿಯಲ್ಲಿ ಮುಂದೆ ನಡೆದರು. ಆಕೆ ಇಳಿದು ನೋಡಿದರು, ಏನೂ ಕಾಣಲಿಲ್ಲ; ಮತ್ತೆ ನೋಡಿದರು. ವಾರ ಕಳೆಯುವಷ್ಟರಲ್ಲಿ ಅದೇ ಬಿಳಿ ಕಾರು ಮೇಸ್ತ್ರಿಯ ಷೆಡ್ಡಿನ ಮುಂದೆ ಬಂದು ನಿಂತಿತು. "ನೀವು ಹೇಳೋ ತನಕ ಕಾಣ್ತಿರಲಿಲ್ಲ, ಈಗ ಅದೊಂದು ಬಿಟ್ಟು ಬೇರೇನೂ ಕಾಣ್ತಿಲ್ಲ. ಏನಾದ್ರೂ ಮಾಡಿ ಪುಣ್ಯ ಕಟ್ಕೊಳ್ಳಿ," ಎಂದರು ಆಕೆ.

ಅವರ ನಡಿಗೆಯೂ ಕಸುಬಿನಿಂದಲೇ ಬಂದದ್ದು. ಹಸಿ ಬಣ್ಣದ ಡೋರುಗಳು ಎಡಕ್ಕೂ ಬಲಕ್ಕೂ ಒಣಗುತ್ತಿರುವ ಇಕ್ಕಟ್ಟಿನಲ್ಲಿ ಹಾಯ್ದು ಹಾಯ್ದು, ಮೊಣಕೈಗಳನ್ನು ಪಕ್ಕೆಗೆ ಬಿಗಿದುಕೊಂಡು, ಹೆಗಲನ್ನು ಕಿರಿದು ಮಾಡಿಕೊಂಡು, ಒಂದು ಪಾದದ ಮುಂದೆ ಇನ್ನೊಂದು ಪಾದವನ್ನು ಅಳೆದಿಟ್ಟಂತೆ ನಡೆಯುತ್ತಿದ್ದರು. ನಾಲ್ಕು ಬಸ್ಸು ಒಟ್ಟಿಗೆ ಹೋಗಬಹುದಾದ ಹೆದ್ದಾರಿಯಲ್ಲಿಯೂ ಅದೇ ನಡಿಗೆ, ಇಕ್ಕೆಲದಲ್ಲಿ ಹಸಿ ಬಣ್ಣ ಕಾದು ಕೂತಿದೆಯೇನೋ ಎಂಬಂತೆ. ಇನ್ನು ಅವರ ಕೋಟು. ಅದು ಮೊದಲು ಬೂದು ಬಣ್ಣದ್ದಾಗಿತ್ತೆಂದು ಅವರೇ ಹೇಳಬೇಕು, ನಂಬುವುದು ನಮ್ಮ ಪಾಡು. ಮೂರು ದಶಕಗಳ ಕಾರುಗಳು ಅದರ ಮೇಲೆ ತುಂತುರು ತುಂತುರಾಗಿ ಇಳಿದು, ಪದರ ಪದರವಾಗಿ ಗಟ್ಟಿಯಾಗಿ, ಅದನ್ನು ಗೂಟಕ್ಕೆ ನೇತು ಹಾಕುವ ಅಗತ್ಯವೇ ಇಲ್ಲದಂತಾಗಿತ್ತು. ಮೂಲೆಯಲ್ಲಿ ನಿಲ್ಲಿಸಿದರೆ ನಿಲ್ಲುತ್ತಿತ್ತು. ಮಬ್ಬಿನಲ್ಲಿ ಷೆಡ್ಡಿಗೆ ಹೋದವರು ಎಷ್ಟೋ ಸಲ ಆ ಕೋಟಿಗೇ ನಮಸ್ಕಾರ ಹೇಳಿ ಬಂದದ್ದುಂಟು. ನಾನೂ ಒಮ್ಮೆ ಹೇಳಿದ್ದೇನೆ.

ಮಾತು ಕಡಿಮೆ. ಏನು ಕೇಳಿದರೂ ಮೊದಲ ಉತ್ತರ, "ಬೆಳಕು ಬರಲಿ, ಹೇಳ್ತೀನಿ." ಕಾರಿನ ಗೀರು ಹೋಗುತ್ತದೆಯೇ ಎಂದರೂ ಅದೇ, ಚಹಾ ಕುಡಿಯುತ್ತೀರಾ ಎಂದರೂ ಅದೇ. ಅವಸರದವರನ್ನು ಕಂಡರೆ ಅವರಿಗಾಗದು. ಸಂಜೆಯೊಳಗೆ ಬಂಪರಿಗೆ ಬಣ್ಣ ಆಗಲೇಬೇಕೆಂದು ಪಟ್ಟು ಹಿಡಿದ ಒಬ್ಬ ವಕೀಲರಿಗೆ, "ಸ್ವಾಮೀ, ಒಣಗೋದು ಬಣ್ಣದ ಕೆಲಸ. ಅದಕ್ಕೆ ನನ್ನ ಅಪ್ಪಣೆನೂ ಬೇಡ, ನಿಮ್ಮ ಅಪ್ಪಣೆನೂ ಬೇಡ," ಎಂದು ಬಂಪರನ್ನು ಅವರ ಕೈಗೇ ಕೊಟ್ಟು ಕಳಿಸಿದ್ದರು. ಮೊದಲು ಉಜ್ಜಬೇಕು, ಮೇಲೆ ತಗ್ಗು ತುಂಬುವ ಪುಟ್ಟಿ, ಮತ್ತೆ ಉಜ್ಜಬೇಕು, ಮೇಲೆ ಬಣ್ಣವನ್ನು ಹಿಡಿದಿಡುವ ಬೂದುಬಣ್ಣದ ಪ್ರೈಮರ್, ಅದು ಒಣಗಿ ಮತ್ತೆ ಉಜ್ಜಿ, ಆಮೇಲೆ ಬಣ್ಣ, ಬಣ್ಣದ ಮೇಲೆ ಹೊಳಪಿನ ಲೇಪ. ಈ ಕ್ರಮದಲ್ಲಿ ಒಂದನ್ನು ಬಿಟ್ಟರೂ ಅದು ಬಣ್ಣವಲ್ಲ, ಬರೀ ಹೊದಿಕೆ ಎನ್ನುತ್ತಿದ್ದರು. ತಮ್ಮ ಕೈಯಲ್ಲಿ ಹೊರಟ ಒಂದೇ ಒಂದು ಕಾರಿನ ಬಣ್ಣವೂ ಎದ್ದಿಲ್ಲವೆಂಬುದು ಅವರು ಬಾಯಿಬಿಟ್ಟು ಹೇಳಿಕೊಳ್ಳುತ್ತಿದ್ದ ಏಕಮಾತ್ರ ಹೆಮ್ಮೆ.

ಈ ಕ್ರಮನಿಷ್ಠೆಯ ಬಗ್ಗೆ ಅವರ ಮಗಳಿಗೆ ಗೌರವವಿತ್ತು, ಆದರೆ ಗೌರವದ ಅಡಿಯಲ್ಲಿ ಒಂದು ಮುಳ್ಳೂ ಇತ್ತು. ಒಂಬತ್ತು ವರ್ಷದ ಹಿಂದೆ ತಾಯಿ ಆಸ್ಪತ್ರೆಯಲ್ಲಿ ತೀರಿಕೊಂಡಾಗ ಹಾಸಿಗೆಯ ಪಕ್ಕದಲ್ಲಿ ಹಗಲೂ ರಾತ್ರಿ ಕೂತಿದ್ದವಳು ಅವಳೊಬ್ಬಳೇ. ಬೇರೆ ರೋಗಿಗಳ ಗಂಡಂದಿರು ಬೆಳಗಿನಿಂದಲೇ ಹೊರಗಿನ ಬೆಂಚಿನ ಮೇಲೆ ಟವೆಲು ಹಾಸಿಕೊಂಡು ಕೂತಿರುತ್ತಿದ್ದರು. ಮೇಸ್ತ್ರಿ ಮಾತ್ರ ಆ ಕೊನೆಯ ವಾರವೂ ಷೆಡ್ಡಿಗೆ ಹೋಗಿ, ಹೆಂಗಸರ ವಾರ್ಡಿಗೆ ಗಂಡಸರನ್ನು ಬಿಡುವ ಹೊತ್ತಿಗೆ ಸರಿಯಾಗಿ, ನಾಲ್ಕು ಗಂಟೆಗೆ ಬರುತ್ತಿದ್ದರು. "ಅಮ್ಮ ಸಾಯ್ತಿದ್ರೂ ಅಪ್ಪನಿಗೆ ಒಂದು ಕೋಟ್ ಬಣ್ಣ ತಪ್ಪಿಸೋಕೆ ಆಗಲಿಲ್ಲ," ಎಂದು ಅವಳು ನನ್ನ ಹೆಂಡತಿಯ ಮುಂದೆ ಒಮ್ಮೆ ಆಡಿದ್ದಳು. ತಂದೆಯ ಮುಂದೆ ಆಡಿರಲಿಲ್ಲ. ಒಂದೇ ಸೂರಿನಡಿ, ಒಬ್ಬರಿಗೊಬ್ಬರು ಅಡುಗೆ ಬಡಿಸಿಕೊಂಡು, ಆ ಮಾತನ್ನು ನಡುವೆ ಇಟ್ಟುಕೊಂಡೇ ಇಬ್ಬರೂ ಒಂಬತ್ತು ವರ್ಷ ದೂಡಿದ್ದರು.

ಮಗಳು ಒಂದು ದೊಡ್ಡ ಹೋಟೆಲಿನ ಲಾಂಡ್ರಿಯಲ್ಲಿ ಹನ್ನೊಂದು ವರ್ಷ ಆವಿಯ ಯಂತ್ರ ಹಿಡಿದವಳು. ಪರದೆ, ಕೋಟು, ರೇಷ್ಮೆ ದಿಂಬಿನ ಚೀಲ, ಏನೇ ಇರಲಿ, ಯಾವುದಕ್ಕೆ ಎಷ್ಟು ಹತ್ತಿರ, ಎಷ್ಟು ಹೊತ್ತು ಆವಿ ತೋರಿಸಬೇಕೆಂಬುದು ಅವಳ ಮಣಿಕಟ್ಟಿಗೆ ಗೊತ್ತು. ಹೋಟೆಲಿನವರು ಲಾಂಡ್ರಿ ಮುಚ್ಚಿದಾಗ ಅವಳು ಕೆಲಸ ಹುಡುಕಿಕೊಂಡು ಅಲೆಯಲಿಲ್ಲ. ಕಾರು ತೊಳೆಯುವ ಒಂದು ಆವಿಯಂತ್ರವನ್ನು ಕೊಂಡು ತಂದು ಅಪ್ಪನ ಷೆಡ್ಡಿನ ಅರ್ಧದಲ್ಲಿ ಇಳಿಸಿದಳು. ಆ ಹೊತ್ತಿಗೆ ಮೇಸ್ತ್ರಿಯ ಕೈ ನಡುಗಲು ತೊಡಗಿ ಷೆಡ್ಡಿನ ಅರ್ಧ ಹೇಗೂ ಖಾಲಿ ಬಿದ್ದಿತ್ತು.

ಮೇಸ್ತ್ರಿ ಯಂತ್ರವನ್ನು ಮೂರು ಮಗ್ಗುಲಿಂದ ಓರೆಯಾಗಿ ನೋಡಿದರು. "ಇದೇನು, ಆಸ್ಪತ್ರೆಯಿಂದ ತಂದ್ಯಾ?"

"ಕಾರು ತೊಳೆಯೋಕಪ್ಪ. ಒಂದು ಬಕೆಟ್ ನೀರಲ್ಲಿ ನಾಲ್ಕು ಕಾರು ಆಗುತ್ತೆ."

"ಕಾರಿನ ಮೈಮೇಲೆ ಕುದಿಯೋ ಆವಿ ಬಿಡ್ತೀಯ? ಹಳೇ ಬಣ್ಣ ಎಬ್ಬಿಸಬೇಕಾದ್ರೆ ನಾನೇನು ಮಾಡ್ತೀನಿ ಗೊತ್ತಲ್ಲ. ಬಿಸಿ ಕೊಡ್ತೀನಿ."

"ನೀನು ಒಂದೇ ಕಡೆ ನಿಲ್ಲಿಸಿ ಕೊಡ್ತೀಯ. ನಾನೆಲ್ಲಿ ನಿಲ್ಲಿಸ್ತೀನಿ?" ಎಂದು ಅವಳು ಯಂತ್ರ ಹಚ್ಚಿ, ಕೊಳವೆಯ ಮೂತಿಯಿಂದ ಒಂದು ಗೇಣು ದೂರದಲ್ಲಿ ತನ್ನ ಅಂಗೈಯನ್ನು ಆವಿಯ ಅಡ್ಡಕ್ಕೆ ಸರಸರನೆ ಆಡಿಸಿ ತೋರಿಸಿದಳು. ಅಂಗೈ ಒದ್ದೆಯಾಗಿತ್ತು, ಬೆಂದಿರಲಿಲ್ಲ. ಮೇಸ್ತ್ರಿ ಅಂಗೈಯನ್ನು ಬೆಳಕಿಗೆ ಹಿಡಿದು ನೋಡಿ, "ಕೈಗೆ ಜೀವ ಇದೆ, ಸುಟ್ರೆ ಹಿಂದಕ್ಕೆ ಎಳ್ಕೊಳ್ಳುತ್ತೆ. ಬಣ್ಣ ಎಲ್ಲಿಗೆ ಹೋಗುತ್ತೆ?" ಎಂದರು.

ಮಾತಿನಲ್ಲಿ ಬಗೆಹರಿಯದ ವ್ಯಾಜ್ಯವಾದ್ದರಿಂದ ಪರೀಕ್ಷೆಗೆ ಒಂದು ಹಳೆಯ ಕಾರಿನ ಬಾನೆಟ್ ಬಂತು. ಎರಡು ಸ್ಟೂಲುಗಳ ಮೇಲೆ ಅದನ್ನು ಮಲಗಿಸಿ, ನಡುವೆ ಸೀಮೆಸುಣ್ಣದ ಗೆರೆ ಎಳೆದು, ಮಗಳು ದಿನವೂ ಬೆಳಗ್ಗೆ ಒಂದೇ ಭಾಗಕ್ಕೆ ಆವಿ ಹಿಡಿಯುವುದು, ಇನ್ನೊಂದನ್ನು ಮುಟ್ಟದೆ ಬಿಡುವುದು ಎಂದಾಯಿತು. ಇಡೀ ತಿಂಗಳು ಮೇಸ್ತ್ರಿ ಹಲ್ಲುಜ್ಜುವ ಮೊದಲೇ ಷೆಡ್ಡಿಗೆ ಬಂದು ಆ ಬಾನೆಟ್ಟಿನ ಸುತ್ತ ಪ್ರದಕ್ಷಿಣೆ ಹಾಕಿದರು. ಉಗುರಿನಿಂದ ಕೆರೆದರು, ಮೂಸಿದರು, ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟರು. ತಿಂಗಳು ತುಂಬಿದ ದಿನ ಆವಿ ಕಂಡ ಅರ್ಧವೇ ಹೆಚ್ಚು ಹೊಳೆಯುತ್ತಿತ್ತು. ಮೇಸ್ತ್ರಿ ಬಹಳ ಹೊತ್ತು ನೋಡಿ, "ಬಾನೆಟ್ ಒಳ್ಳೇದು," ಎಂದು ಒಪ್ಪಿಕೊಂಡರು. ಆವಿ ಒಳ್ಳೆಯದೆಂಬ ಮಾತು ಜಪ್ಪಯ್ಯ ಎಂದರೂ ಅವರ ಬಾಯಿಂದ ಹೊರಡಲಿಲ್ಲ. ಬಂದವರೆದುರು, "ಕಾರಿಗೆ ಆವಿ ಕೂಡದು, ಇವತ್ತಲ್ಲದಿದ್ರೆ ನಾಳೆ ಗೊತ್ತಾಗುತ್ತೆ," ಎನ್ನುವುದನ್ನೂ ಬಿಡಲಿಲ್ಲ.

ಮಗಳ ಕೆಲಸ ಮಾತ್ರ ಚೆನ್ನಾಗಿಯೇ ಕುದುರಿತು. ಅವಳು ಯಾವ ಕಾರನ್ನೂ ಸುಮ್ಮನೆ ಮುಟ್ಟುವವಳಲ್ಲ. ಮೊದಲು ಸುತ್ತು ಬಂದು, ಬಣ್ಣ ಚಕ್ಕೆ ಎದ್ದ ಕಡೆ, ಹೊಳಪಿನ ಲೇಪ ಸೀಳಿದ ಕಡೆ, ಹೊಸದಾಗಿ ಟಚಪ್ ಮಾಡಿದ ಕಡೆ ಕಾಗದದ ಟೇಪು ಅಂಟಿಸಿ, ಅಲ್ಲಿಗೆ ಆವಿ ಬೇಡವೆಂದು ಯಜಮಾನರಿಗೆ ತಿಳಿಸಿ, ಆಮೇಲೆ ಯಂತ್ರ ಹಚ್ಚುವಳು. ಒಂದು ಕೈಯಲ್ಲಿ ಕೊಳವೆ, ಇನ್ನೊಂದು ಕೈಯಲ್ಲಿ ಮೆತ್ತನೆಯ ಬಟ್ಟೆ. ಕೊಳವೆ ಹೋದಲ್ಲೆಲ್ಲ ಬಟ್ಟೆ ಹಿಂದೆಯೇ ಓಡುತ್ತಿತ್ತು. ನನ್ನ ಹಳೆಯ ಕಾರೂ ಅವಳ ಕೈಯಲ್ಲಿ ಹಲವು ಸಲ ಸ್ನಾನ ಮಾಡಿದೆ. ಎರಡು ವರ್ಷ ಒಂದು ದೂರೂ ಬರಲಿಲ್ಲ.

ದೂರು ಬಂದದ್ದು ಗ್ರಂಥಾಲಯದ ಮೇಡಂ ಅವರ ಕಡುನೀಲಿ ಕಾರಿನಿಂದ. ನಮ್ಮ ಊರಿನ ಗ್ರಂಥಾಲಯವನ್ನು ಇಪ್ಪತ್ತು ವರ್ಷದಿಂದ ನೋಡಿಕೊಳ್ಳುತ್ತಿರುವ ಆಕೆ ದನಿ ಎತ್ತರಿಸಿದ್ದನ್ನು ಯಾರೂ ಕೇಳಿಲ್ಲ. ಎತ್ತರಿಸುವ ಅಗತ್ಯವೂ ಬೀಳುತ್ತಿರಲಿಲ್ಲ. ಬೇರೆ ಊರಿನವರಿಂದ ಕೈ ಬದಲಾಗಿ ಬಂದ ಕಾರು ಅದು, ಆದರೂ ಹೊಚ್ಚಹೊಸದರಂತೆ ಇಟ್ಟುಕೊಂಡಿದ್ದರು. ಆವಿಯಿಂದ ಬಣ್ಣಕ್ಕೇನೂ ಆಗುವುದಿಲ್ಲವೇ ಎಂದು ಅವರು ಒಂದಕ್ಕೆರಡು ಸಲ ಕೇಳಿದರು. ಮಗಳು ಸುತ್ತು ಬಂದು ನೋಡಿ, ಕಾರಿನ ಮೈ ಎಲ್ಲ ಒಂದೇ ಬಣ್ಣ, ಒಂದೇ ಹೊಳಪು ಇದ್ದುದರಿಂದ ಕಂಪನಿಯದೇ ಬಣ್ಣವೆಂದು ತಿಳಿದು, "ಏನೂ ಆಗಲ್ಲ ಮೇಡಂ, ನೀವು ನಿಶ್ಚಿಂತೆಯಾಗಿ ಕೂತ್ಕೊಳ್ಳಿ," ಎಂದಳು. ಎಡಗಡೆಯ ಹಿಂದಿನ ಡೋರಿನ ತಳದಂಚಿನಲ್ಲಿ, ಕಲ್ಲು ಸಿಡಿದು ಆದ ಸಾಸಿವೆಯಷ್ಟು ಚಕ್ಕೆ ಅವಳ ಕಣ್ಣಿಗೆ ಬೀಳಲಿಲ್ಲ.

ಆವಿ ಆ ಸಾಸಿವೆಯ ಸಂದಿನಲ್ಲಿ ನುಗ್ಗಿತು. ಕಾದ ಹಾಲಿನ ಕೆನೆಯ ಹಾಗೆ ಬಣ್ಣ ಮೊದಲು ಸಣ್ಣಗೆ ಉಬ್ಬಿ, ಆಮೇಲೆ ಅಂಗೈಯಗಲ, ಆಮೇಲೆ ಮೊಳದುದ್ದ, ಒಂದೇ ಹಾಳೆಯಾಗಿ ಡೋರಿನಿಂದ ಸಡಿಲಿ ಜೋತುಬಿತ್ತು. ಮಗಳು ಯಂತ್ರ ನಿಲ್ಲಿಸಿದಳು. ಮೇಡಂ ಎದ್ದು ಬಂದು ನೋಡಿದರು, ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. "ಏನೂ ಆಗಲ್ಲ ಅಂದ್ರಿ," ಎಂದಷ್ಟೇ ಹೇಳಿದರು. ಬೈದಿದ್ದರೆ ಅವಳಿಗೆ ಅಷ್ಟು ನೋಯುತ್ತಿರಲಿಲ್ಲ. ಸರದಿಯಲ್ಲಿದ್ದ ಟ್ಯಾಕ್ಸಿಯವನು ಎಲ್ಲವನ್ನೂ ಕಂಡು, ತನ್ನ ಕಾರನ್ನು ತಿರುಗಿಸಿಕೊಂಡು ಹೊರಟ. ಸಂಜೆಯೊಳಗೆ ಸುದ್ದಿ ಟ್ಯಾಕ್ಸಿ ಸ್ಟ್ಯಾಂಡಿನಲ್ಲೆಲ್ಲ ಹರಡಿತು: ಆವಿ ಹಿಡಿದರೆ ಬಣ್ಣ ಸಿಪ್ಪೆ ಸಿಪ್ಪೆ ಎದ್ದುಬರುತ್ತದಂತೆ.

ಗಲಾಟೆಯ ಸುಳಿವು ಸಿಕ್ಕಿ ಮೇಸ್ತ್ರಿ ಮನೆಯಿಂದ ಬಂದಾಗ ನೀಲಿ ಕಾರು ಇನ್ನೂ ಅಲ್ಲೇ ಇತ್ತು. ಅವರು ಡೋರಿನ ಮುಂದೆ ಕುಕ್ಕರಗಾಲಲ್ಲಿ ಕೂತು ಎದ್ದ ಹಾಳೆಯನ್ನು ಎರಡು ಬೆರಳಲ್ಲಿ ಎತ್ತಿ ಅಡಿಯಲ್ಲಿ ನೋಡಿದರು. ಒಳಗಿನ ಹಳೆಯ ನೀಲಿ ಕನ್ನಡಿಯಂತೆ ಹೊಳೆಯುತ್ತಿತ್ತು. ಎಮರಿ ಕಾಗದದಿಂದ ಉಜ್ಜಿದ ಒಂದು ಗೀಚೂ ಅಲ್ಲಿರಲಿಲ್ಲ, ಪ್ರೈಮರಿನ ಬೂದುಬಣ್ಣದ ಲವಲೇಶವೂ ಇರಲಿಲ್ಲ. ಆಮೇಲೆ ಡೋರು ತೆರೆದು ಒಳಅಂಚನ್ನು ನೋಡಿದರು. ಅಲ್ಲಿ ಬಣ್ಣದಲ್ಲಿ ಒತ್ತಿ ಉಳಿದಿದ್ದ ಒಂದು ಹೆಬ್ಬೆರಳ ಗುರುತಿತ್ತು. ಒಣಗಿತೋ ಇಲ್ಲವೋ ಎಂದು ತಾಳ್ಮೆಗೆಟ್ಟು ಮುಟ್ಟಿ ನೋಡಿದವರ ಗುರುತು. ಅವರು ತಮ್ಮ ಹೆಬ್ಬೆರಳನ್ನು ಅದರ ಮೇಲಿಟ್ಟರು. ಸರಿಹೊಂದಿತು. ಎದ್ದು ನಿಂತು, ಮೊಣಕೈಗಳನ್ನು ಇನ್ನಷ್ಟು ಬಿಗಿಹಿಡಿದುಕೊಂಡು ಮನೆಯ ಕಡೆ ನಡೆದರು.

ಮೂರು ದಿನ ಅವರು ಬಾಯಿಗೆ ಬೀಗ ಹಾಕಿಕೊಂಡರು. ಆ ಮೂರು ದಿನವೂ ಆವಿಗೆ ಒಂದು ಕಾರೂ ಬರಲಿಲ್ಲ. ಟ್ಯಾಕ್ಸಿಯವನು ಮನೆಯ ಬಾಗಿಲಿಗೇ ಬಂದು, "ನೀವು ಮೊದಲಿಂದ ಹೇಳ್ತಾನೇ ಇದ್ರಿ ಮೇಸ್ತ್ರಿ. ನಿಮ್ಮ ಮಾತು ಕೇಳಿದ್ರೆ ಮಗಳಿಗೆ ಈ ಗತಿ ಬರ್ತಿರಲಿಲ್ಲ," ಎಂದು ಸಂತಾಪ ಸೂಚಿಸಿ ಹೋದ. ಸುಮ್ಮನಿದ್ದರೆ ಸಾಕಾಗಿತ್ತು, ಎರಡು ವರ್ಷದ ವಾದ ತಾನಾಗಿಯೇ ಗೆದ್ದಂತೆ, ನಲವತ್ತು ವರ್ಷದ ಹೆಮ್ಮೆ ಹಾಗೆಯೇ ಉಳಿದಂತೆ. ಆ ಹೆಬ್ಬೆರಳ ಗುರುತು ಯಾರದೆಂದು ಬಲ್ಲವರು ಲೋಕದಲ್ಲಿ ಅವರೊಬ್ಬರೇ. ತಟ್ಟೆಯ ಮುಂದೆ ಕೂತು ಉಣ್ಣದೆ ಎದ್ದುಹೋಗುತ್ತಿದ್ದ ತಂದೆಯನ್ನು ಕಂಡು ಮಗಳು, ತನ್ನಿಂದ ಅವರ ಷೆಡ್ಡಿನ ಹೆಸರು ಕೆಟ್ಟಿತೆಂದು ಅವರಿಗೆ ಸಿಟ್ಟು ಬಂದಿದೆ ಎಂದೇ ತಿಳಿದಳು. ಮೂರನೆಯ ದಿನ ಸಂಜೆ ಯಂತ್ರಕ್ಕೆ ಹಳೆಯ ಬೆಡ್‌ಶೀಟು ಹೊದಿಸುತ್ತಾ, "ಇದನ್ನ ಯಾರಿಗಾದ್ರೂ ಕೊಟ್ಟುಬಿಡ್ತೀನಪ್ಪ. ನಿನ್ನ ಮಾತೇ ಸರಿಯಾಯ್ತು," ಎಂದಳು.

ಮೇಸ್ತ್ರಿ ಆ ಹೊದಿಕೆಯನ್ನು ನೋಡಿದರು. "ನಾಳೆ ಬೆಳಗ್ಗೆ ಗ್ರಂಥಾಲಯಕ್ಕೆ ಹೋಗೋದಿದೆ. ನೀನೂ ಬಾ," ಎಂದರು.

ಮರುದಿನ ಬೆಳಗ್ಗೆ ನಾನು ಗ್ರಂಥಾಲಯದಲ್ಲಿ ಪತ್ರಿಕೆಗಳ ಮೇಜಿನ ಮುಂದೆ ಕೂತಿದ್ದೆ. ಪುಸ್ತಕದ ಕಪಾಟುಗಳ ನಡುವಿನ ಓಣಿಯಲ್ಲಿ, ಮೊಣಕೈ ಬಿಗಿದು, ಯಾವ ಪುಸ್ತಕಕ್ಕೂ ತಗುಲದಂತೆ ಆ ಬಣ್ಣಬಣ್ಣದ ಕೋಟು ನಡೆದು ಬಂತು. ಅದರ ಹಿಂದೆ ಮಗಳು. ಮೇಡಂ ಅವರ ಮೇಜಿನ ಮುಂದೆ ನಿಂತು ಮೇಸ್ತ್ರಿ ಗಂಟಲು ಸರಿಮಾಡಿಕೊಂಡರು.

"ಅಮ್ಮಾ, ಆ ಡೋರಿಗೆ ಬಣ್ಣ ಹೊಡೆದದ್ದು ನಾನು."

ಅವರ ದನಿ ಷೆಡ್ಡಿನ ದನಿ. ಓದುತ್ತಿದ್ದ ಏಳೆಂಟು ತಲೆಗಳು ಮೇಲೆದ್ದವು. ಮೇಡಂ ತುಟಿಯ ಮೇಲೆ ಬೆರಳಿಟ್ಟು, ಪಕ್ಕದ ಕುರ್ಚಿ ತೋರಿಸಿ, "ಮೆಲ್ಲಗೆ ಹೇಳಿ," ಎಂದರು. ಬದುಕಿನಲ್ಲಿ ಎಂದೂ ಪಿಸುಗುಟ್ಟದ ಮನುಷ್ಯ ಪಿಸುಗುಟ್ಟಲು ತೊಡಗಿದರು, ಆ ಪಿಸುಮಾತು ಇಡೀ ಕೋಣೆಗೆ ಕೇಳಿಸುತ್ತಿತ್ತು.

"ಒಂಬತ್ತು ವರ್ಷದ ಹಿಂದೆ. ಆಗ ಕಾರು ಬೇರೆಯವರದು. ಡೋರಿನ ಒಳಅಂಚಲ್ಲಿ ನನ್ನ ಹೆಬ್ಬೆರಳ ಗುರುತು ಇನ್ನೂ ಇದೆ. ಕಂಬಕ್ಕೆ ತಗುಲಿ ಡೋರಿನುದ್ದಕ್ಕೂ ಗೀರಾಗಿತ್ತು. ಗೀರಿನ ಮೇಲಷ್ಟೇ ಉಜ್ಜಿದೆ. ಮಿಕ್ಕ ಕಡೆ ಉಜ್ಜಲಿಲ್ಲ, ಪ್ರೈಮರ್ ಕೊಡಲಿಲ್ಲ, ಹೊಳಪಿನ ಮೇಲೇ ಬಣ್ಣ ಬಿಟ್ಟೆ. ಹಾಗೆ ಬಿಟ್ರೆ ಅದು ಹಿಡಿಯಲ್ಲ, ಸುಮ್ಮನೆ ಕೂತಿರುತ್ತೆ. ಇವಳ ಆವಿ ಇದ್ದದ್ದನ್ನ ತೋರಿಸ್ತು, ಅಷ್ಟೆ. ಆವಿದೇನೂ ತಪ್ಪಿಲ್ಲ."

ಮೇಡಂ ಹೇಳಿದರು: "ನೀವು ಅವಸರ ಮಾಡೋರಲ್ಲ ಅಂತ ಕೇಳಿದ್ದೆ."

"ಮಾಡಲ್ಲ." ಮೇಸ್ತ್ರಿ ಮೊದಲ ಬಾರಿಗೆ ತಲೆ ತಗ್ಗಿಸಿದರು. "ಆ ವಾರ ಮನೆಯವಳು ಆಸ್ಪತ್ರೆಲಿದ್ಲು. ಶನಿವಾರ ಆ ಕಾರಿನವರು ಊರು ಬಿಡೋರು, ಮಾತು ಕೊಟ್ಟುಬಿಟ್ಟಿದ್ದೆ. ಆಸ್ಪತ್ರೆಲಿ ನಾಲ್ಕು ಗಂಟೆಗೆ ಒಳಗೆ ಬಿಡೋರು, ಐದಕ್ಕೆ ಹೊರಗೆ ಕಳಿಸೋರು. ಸರಿಯಾಗಿ ಮಾಡ್ತಾ ಕೂತಿದ್ರೆ ನಾಲ್ಕಕ್ಕೆ ಹೋಗೋಕಾಗ್ತಿರಲಿಲ್ಲ."

ನಾನು ಪತ್ರಿಕೆಯ ಹಿಂದೆ ಮುಖ ಮರೆಸಿಕೊಂಡೆ. ಮಗಳು ಕಪಾಟಿನ ಅಂಚು ಹಿಡಿದು ನಿಂತಿದ್ದಳು. ಮೇಡಂ ಮೇಜಿನ ಮೇಲಿನ ಪುಸ್ತಕಗಳನ್ನು ಅಗತ್ಯವಿಲ್ಲದಿದ್ದರೂ ಒಂದರ ಮೇಲೊಂದು ಜೋಡಿಸಿ, "ಈಗ ಆ ಡೋರು ಸರಿ ಮಾಡೋಕೆ ಎಷ್ಟು ದಿನ ಬೇಕು?" ಎಂದು ಕೇಳಿದರು.

"ಹನ್ನೊಂದು ದಿನ."

"ಹನ್ನೆರಡು ತಗೊಳ್ಳಿ. ನಾನು ಬಸ್ಸಲ್ಲಿ ಓಡಾಡ್ತೀನಿ," ಎಂದರು ಮೇಡಂ.

ಆ ಹನ್ನೆರಡು ದಿನಗಳ ಕತೆ ನನಗೆ ಮಗಳ ಬಾಯಿಂದ ಗೊತ್ತಾದದ್ದು. ಮೇಸ್ತ್ರಿಯ ಕೈ ನಡುಗುತ್ತಿದ್ದುದರಿಂದ ಉಜ್ಜುವ ಕೆಲಸವನ್ನು ಅವಳೇ ಮಾಡಿದಳು. ಅವರು ದೀಪ ಹಿಡಿದು, "ಇಲ್ಲಿ, ಇನ್ನೂ ಇಲ್ಲಿ," ಎನ್ನುತ್ತಾ ಪಕ್ಕದಲ್ಲಿ ಕೂತರು. ಎರಡನೆಯ ದಿನ ಎಮರಿ ಕಾಗದವನ್ನು ನೀರಿಗೆ ಅದ್ದುತ್ತಾ ಅವಳು ಕೇಳಿದಳು:

"ಆ ವಾರ ಪೂರ್ತಿ ಇದೇ ಡೋರಾ ಅಪ್ಪ?"

"ಮೂರು ದಿನ ಇದೇ."

"ಹೊರಗೆ ಬೆಂಚಿನ ಮೇಲೆ ಕೂತಿರಬಹುದಿತ್ತಲ್ಲ. ಎಲ್ಲರೂ ಕೂತಿರೋರು."

ಮೇಸ್ತ್ರಿ ದೀಪವನ್ನು ಕೈ ಬದಲಾಯಿಸಿದರು. "ಒಂದು ಬೆಳಗ್ಗೆ ಕೂತಿದ್ದೆ. ಒಳಗಿಂದ ಯಾರು ಕೆಮ್ಮಿದ್ರೂ ಅವಳೇ ಅನ್ನಿಸೋದು. ಕೂರೋಕಾಗಲಿಲ್ಲ ಮಗಳೇ."

ಅವಳಿಗೆ ಆಗ ನೆನಪಾದದ್ದು ಒಂದು ನೀಲಿ ಕಲೆ. ಅಮ್ಮನ ಹಾಸಿಗೆಯ ಬಿಳಿ ಹೊದಿಕೆಯ ಅಂಚಿನಲ್ಲಿ, ಅಪ್ಪ ಕೂರುತ್ತಿದ್ದ ಕಡೆ, ಅವರ ಕೋಟಿನ ತೋಳಿನಿಂದ ಹತ್ತಿದ ಹಸಿ ಬಣ್ಣ. ನರ್ಸು ಗೊಣಗಿದ್ದರು, ಅವಳೂ ಎಲ್ಲರೆದುರೇ, "ಕೈ ಕಾಲು ತೊಳೆದು ಬರೋಕೂ ಆಗಲ್ವಾ ನಿಂಗೆ," ಎಂದು ಅಪ್ಪನನ್ನು ಗದರಿದ್ದಳು. ಅಪ್ಪ ತೋಳನ್ನು ಮಡಚಿಕೊಂಡು ಕೂತಿದ್ದರು. ಅಮ್ಮ ಮಾತ್ರ ಆ ಕಲೆಯನ್ನು ಬೆರಳಿನಿಂದ ಮುಟ್ಟಿ, ಬೆರಳಿಗಂಟಿದ ನೀಲಿಯನ್ನು ನೋಡಿ, ಬಹಳ ದಿನದ ಮೇಲೆ ನಕ್ಕು, "ಒಣಗೋಕೂ ಬಿಡದೆ ಓಡಿ ಬಂದಿದ್ದಾರೆ ನೋಡು," ಎಂದಿದ್ದರು. ಜ್ವರದ ಮಾತೆಂದು ಅವಳು ಕಿವಿಗೆ ಹಾಕಿಕೊಂಡಿರಲಿಲ್ಲ. ಮಾರನೆಯ ದಿನ ಹೊದಿಕೆ ಬದಲಾಯಿಸಲು ಬಂದಾಗ ಅಮ್ಮ ಬೇಡವೆಂದು ಕೈಯಾಡಿಸಿದ್ದೂ, ಕೊನೆಯ ಎರಡು ದಿನ ಆ ಕಲೆಯ ಹೊದಿಕೆಯಲ್ಲೇ ಮಲಗಿದ್ದೂ ಈಗ ಒಂದೊಂದಾಗಿ ಕಣ್ಣ ಮುಂದೆ ಬಂತು. ಅವಳು ಉಜ್ಜುವುದನ್ನು ನಿಲ್ಲಿಸಿ, ಒದ್ದೆ ಕೈಯಲ್ಲೇ ಅಪ್ಪನ ಆ ಗಡಸು ಕೋಟಿನ ತೋಳನ್ನು ಹಿಡಿದುಕೊಂಡಳಂತೆ. ಮೇಸ್ತ್ರಿ, "ನೀರು ಆರುತ್ತೆ, ಉಜ್ಜು," ಎಂದರಂತೆ. ಆದರೆ ತೋಳನ್ನು ಬಿಡಿಸಿಕೊಳ್ಳಲಿಲ್ಲ.

ಹದಿಮೂರನೆಯ ದಿನ ಬೆಳಗ್ಗೆ ಕಾರು ಮೇಡಂ ಅವರ ಮನೆ ಸೇರಿತು. ಹೊಸ ಬಣ್ಣ ಗಟ್ಟಿಯಾಗಲು ಎರಡು ತಿಂಗಳು ಬಿಡಬೇಕು, ಅಲ್ಲಿಯವರೆಗೆ ಆ ಡೋರಿಗೆ ತಣ್ಣೀರು, ಬಟ್ಟೆ ಬಿಟ್ಟು ಇನ್ನೇನೂ ಕೂಡದೆಂದು ಮೇಸ್ತ್ರಿ ಕಟ್ಟಪ್ಪಣೆ ಮಾಡಿದರು. ಎರಡು ತಿಂಗಳು ಕಳೆದ ಭಾನುವಾರ ಕಾರನ್ನು ಮತ್ತೆ ತರಿಸಿ, ಟ್ಯಾಕ್ಸಿಯವನಿಗೂ ಹೇಳಿಕಳಿಸಿ, ನನ್ನನ್ನೂ ಕರೆದರು. ಮಗಳು ಕೊಳವೆ ಕೈಗೆತ್ತಿಕೊಂಡಾಗ ಅವಳ ಮುಖ ಬಿಳಿಚಿಕೊಂಡಿತ್ತು. ಮೇಸ್ತ್ರಿಯೇ ಡೋರಿನ ಪಕ್ಕ ಬಂದು ಕೂತು, "ಹಿಡಿ," ಎಂದರು. ಅವಳು ಹಿಡಿದಳು. ಆವಿ ಸುಯ್ಯೆಂದು ಡೋರಿನುದ್ದಕ್ಕೂ ಹರಿದು ಅವರ ಮುಖವನ್ನೂ ಮುಚ್ಚಿ ಹಾಯ್ದುಹೋಯಿತು. ಬಟ್ಟೆ ಆಡಿಸಿದ ಮೇಲೆ ಕಡುನೀಲಿಯಲ್ಲಿ ನಮ್ಮ ಐವರ ಮುಖವೂ ಡೊಂಕಿಲ್ಲದೆ ಕಾಣಿಸಿತು. ಟ್ಯಾಕ್ಸಿಯವನು ತನ್ನ ಕಾರನ್ನು ಸರದಿಗೆ ತಂದು ನಿಲ್ಲಿಸಿದ. ಮೇಡಂ ಡೋರು ತೆರೆದು ಒಳಅಂಚನ್ನು ನೋಡಿ, ಆ ಹಳೆಯ ಹೆಬ್ಬೆರಳ ಗುರುತು ಅಲ್ಲೇ ಇರುವುದನ್ನು ಕಂಡು ಮೇಸ್ತ್ರಿಯ ಕಡೆ ತಿರುಗಿದರು. ಅದನ್ನು ಉಜ್ಜಲು ಮಗಳು ಬಿಡಲಿಲ್ಲವೆಂದು ಮೇಸ್ತ್ರಿ ಸಂಕೋಚದಿಂದ ಹೇಳಿದರು.

ಈಗ ಮೇಸ್ತ್ರಿ ಬಣ್ಣ ಹೊಡೆಯುವುದಿಲ್ಲ. ಮಗಳ ಷೆಡ್ಡಿನ ಬಾಗಿಲಲ್ಲಿ ಒಂದು ಸ್ಟೂಲಿನ ಮೇಲೆ ಕೂತು ಬಂದ ಕಾರುಗಳನ್ನು ಓರೆಯಾಗಿ ನೋಡುವುದು, ಆವಿಗೆ ಯೋಗ್ಯವೋ ಅಲ್ಲವೋ ಎಂದು ತೀರ್ಪು ಕೊಡುವುದು ಅವರ ಕೆಲಸ. ಆವಿಯಿಂದ ಕಾರಿನ ಮೈಗೆ ಅಪಾಯವಿಲ್ಲವೇ ಎಂದು ಯಾರಾದರೂ ಕೇಳಿದರೆ ಮೊದಲಿನ ಮೊಂಡುತನವಿಲ್ಲ. "ಕಂಪನಿ ಬಣ್ಣಕ್ಕೆ ಏನೂ ಆಗಲ್ಲ, ಕೈ ನಿಲ್ಲಿಸಬಾರದು ಅಷ್ಟೆ. ಮರುಬಣ್ಣ ಆಗಿದ್ರೆ ಯಾರು ಹೊಡೆದದ್ದು, ಯಾವಾಗ ಹೊಡೆದದ್ದು ಹೇಳಿ," ಎನ್ನುತ್ತಾರೆ, ನಾನೇ ಹೊಡೆದದ್ದಿದ್ದರೂ ಇರಬಹುದು ಎಂದು ಸೇರಿಸುವುದನ್ನು ಮರೆಯುವುದಿಲ್ಲ.

ಇಂಥವರ ಕೆಲಸದ ವಿಧಿಯೇ ವಿಚಿತ್ರ. ಚಿತ್ರ ಬರೆದವನ ಚಿತ್ರ ಗೋಡೆಯ ಮೇಲಿರುತ್ತದೆ, ಮನೆ ಕಟ್ಟಿದವನು ಮೊಮ್ಮಕ್ಕಳಿಗೆ ಆ ಮನೆಯನ್ನು ಬೆರಳು ಮಾಡಿ ತೋರಿಸಬಹುದು. ಒಡೆದದ್ದನ್ನು, ಗೀರಿದ್ದನ್ನು, ಹರಿದದ್ದನ್ನು ಮೊದಲಿನಂತೆ ಮಾಡಿಕೊಡುವವರ ಕೆಲಸ ಸರಿಯಾದಷ್ಟೂ ಅಲ್ಲೊಂದು ಕೆಲಸ ನಡೆದಿತ್ತೆಂಬುದೇ ಅಳಿಸಿಹೋಗಬೇಕು. ಬಟ್ಟೆಯ ತೂತಿಗೆ ಎಳೆ ಸೇರಿಸುವವರು, ಮುರಿದ ಮೂಳೆ ಕೂಡಿಸುವವರು, ಹಳೆಯ ಪುಸ್ತಕದ ಬೆನ್ನು ಹೊಲಿಯುವವರು, ಮನೆಯಲ್ಲಿ ಜಗಳವಾದ ಮರುದಿನ ಏನೂ ಆಗಿಲ್ಲವೆಂಬಂತೆ ಎಲ್ಲರಿಗೂ ಚಹಾ ತಂದು ಕೊಡುವವರು, ಎಲ್ಲರೂ ಈ ಮಂದಿಯೇ. ಅವರು ಚೆನ್ನಾಗಿ ಮಾಡಿದ್ದೆಲ್ಲ ನಮ್ಮ ಕಣ್ಣಿಗೆ ಬೀಳದೆ ನಮ್ಮೊಡನೆ ಬಾಳುತ್ತಿರುತ್ತದೆ. ಕೈತಪ್ಪಿದ್ದೊಂದು ಮಾತ್ರ ಎಂದೋ ಒಂದು ದಿನ ಎದ್ದು ಕಾಣುತ್ತದೆ, ನಾವು ಅದನ್ನೇ ನೋಡಿ ಅವರನ್ನು ಅಳೆದು ಮುಗಿಸುತ್ತೇವೆ. ಆ ಹೊತ್ತಿನಲ್ಲಿ ಆ ಕೈ ಎಲ್ಲಿಗೆ ಓಡಬೇಕಾಗಿತ್ತೆಂದು ಕೇಳುವವರು ಕಡಿಮೆ. ಕೇಳದಿದ್ದರೆ ಹೇಳಿಕೊಳ್ಳುವ ಅಭ್ಯಾಸ ಅವರಿಗೂ ಇಲ್ಲ.